ನಮ್ಮ ಅಡುಗೆಮನೆಯಲ್ಲಿ ಕೂತು ಬರೆದ ನಾರ್ವೆಯವರು

ಫೋನು ಬಂದಾಗ ನನ್ನ ಎರಡೂ ಕೈಗೆ ಹುಣಸೆಹಣ್ಣು ಮೆತ್ತಿತ್ತು. ಬುಧವಾರ ಮಧ್ಯಾಹ್ನ ದೇವರ ಹಿತ್ತಾಳೆ ಸಾಮಾನು ತಿಕ್ಕುವುದು ನನ್ನ ಪದ್ಧತಿ. ಮರುದಿನ ಗುರುವಾರ, ರಾಯರ ಪೂಜೆಗೆ ದೀಪದ ಕಂಬಗಳು ಥಳಥಳ ಎನ್ನಬೇಕು. ಎರಡೇ ಬೆರಳಿನಲ್ಲಿ ರಿಸೀವರ್ ಎತ್ತಿ, ಅದನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ‘ಹಲೋ’ ಎಂದೆ.

ಹಾಗೆ ಫೋನು ಹಿಡಿಯುವುದನ್ನು ನಾನು ಕಲಿತದ್ದು ಪಕ್ಕದ ಮನೆಯ ನಾರ್ವೆಯವರನ್ನು ನೋಡಿ. ಅವರು ಪೇಪರಿನವರು. ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು, ಭುಜದ ಮೇಲೆ ಫೋನು ಇಟ್ಟುಕೊಂಡು ಮೂವತ್ತು ವರ್ಷ ಊರೂರಿನಿಂದ ಸುದ್ದಿ ಒದರಿ ಒದರಿ ಅವರ ಕುತ್ತಿಗೆ ಬಲಕ್ಕೆ ವಾಲಿಯೇ ಹೋಗಿತ್ತು. ಫೋನು ಇಲ್ಲದಾಗಲೂ ತಲೆ ಹಾಗೆಯೇ ಇರುತ್ತಿತ್ತು. ಅಷ್ಟೆತ್ತರದ ಮನುಷ್ಯ ತಲೆ ಓರೆ ಮಾಡಿಕೊಂಡು ನಮ್ಮ ಬಾಗಿಲಲ್ಲಿ ನಿಂತರೆ ಏನೋ ತಪ್ಪು ಮಾಡಿ ಕ್ಷಮೆ ಕೇಳಲು ಬಂದವರ ಹಾಗೆ ಕಾಣುತ್ತಿದ್ದರು. ಕ್ಷಮೆ ಕೇಳುವ ಜಾತಿಯೇ ಅಲ್ಲ ಅದು.

ಫೋನು ಮಾಡಿದವಳು ಅವರ ತಂಗಿಯ ಮಗಳು, ನಾರ್ವೆಯಿಂದ. ಮಾಮ ನಿನ್ನೆ ಬೆಳಿಗ್ಗೆ ಹೋದರು ಎಂದಳು. ಲಂಡನ್ನಿನಲ್ಲಿ ಮೊದಲು ನಿಮಗೆ ಹೇಳಬೇಕು ಅಂದಿದ್ದರು, ನಿಮ್ಮನ್ನು ಒಂದು ಮಾತು ಕೇಳುವುದಿದೆ, ಉಳಿದವರಿಗೆಲ್ಲ ತಿಳಿಸಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಾಡುತ್ತೇನೆ ಎಂದು ಇಟ್ಟಳು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹದಿನೈದು ದಿನದ ಕೆಳಗೆ ಫೋನಿನಲ್ಲಿ ಕೆಮ್ಮುತ್ತ ‘ಶೀತ, ಅಷ್ಟೇ’ ಎಂದಿದ್ದರು. ಊರವರ ಸುಳ್ಳನ್ನೆಲ್ಲ ಹಿಡಿಯುವುದೇ ಕಸುಬು ಎಂದುಕೊಂಡವರು ನನಗೆ ಹೇಳಿದ್ದು ಇದು. ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತೆ. ಕುರ್ಚಿಯೂ ಅವರದೇ. ಅಂದರೆ ನಮ್ಮದೇ, ಆದರೆ ಮನೆ ಬೆಚ್ಚಗಿಡುವ ಬಾಯ್ಲರಿಗೆ ಒತ್ತಿದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವುದನ್ನು ಅವರು ಸಹಿಸುತ್ತಿರಲಿಲ್ಲ.

ಲಂಡನ್ನಿನಂಚಿನ ಪಿನ್ನರಿನ ಈ ಮನೆಗೆ ನಾವು ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ, ನಮ್ಮವರ ಆಸ್ಪತ್ರೆಯ ಕೆಲಸ ಕಾಯಂ ಆದ ಮೇಲೆ. ಎರಡು ಮನೆಗೆ ಒಂದೇ ನಡುಗೋಡೆ. ನಾನು ಬೆಳಿಗ್ಗೆ ಗಂಟೆ ಬಾರಿಸಿ ಮಂಗಳಾರತಿ ಎತ್ತುವುದಕ್ಕೂ ಗೋಡೆಯ ಆ ಕಡೆ ಒಬ್ಬ ಗಂಡಸು ದೊಡ್ಡ ದನಿ ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಹೆಂಡತಿಯನ್ನು ಬೈಯುತ್ತಾನೆ, ಪಾಪ ಆ ಹೆಣ್ಣುಮಗಳು ಉಸಿರೆತ್ತುವುದಿಲ್ಲ ಎಂದು ಕೆಲವು ದಿನ ಮರುಗಿದೆ. ಆಮೇಲೆ ತಡೆಯಲಾರದೆ ಹೋಗಿ ಬಾಗಿಲು ಬಡಿದೆ.

ಬಾಗಿಲು ತೆರೆದವರು ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. “ಆ ಗಂಟೆ ನೀವೇನಾ? ಓಸ್ಲೋದವರು ಕೇಳುತ್ತಿದ್ದಾರೆ, ನೀನು ಲಂಡನ್ನಿನಲ್ಲಿದ್ದೀಯೋ ಚರ್ಚಿನಲ್ಲಿದ್ದೀಯೋ ಅಂತ.”

“ಗಂಟೆ ದೇವರಿಗೆ,” ಎಂದೆ. “ನಿಮ್ಮ ಕೂಗು ಯಾರಿಗೆ?”

“ನಾರ್ವೆಗೆ. ಅದೂ ದೂರವೇ ಇದೆ.”

ಒಳಗೆ ಹೆಂಡತಿ ಇರಲಿಲ್ಲ. ಎರಡು ಮದುವೆ ಆಗಿತ್ತಂತೆ, ಎರಡೂ ಅವರು ಊರಲ್ಲಿಲ್ಲದಾಗ ಮುರಿದಿದ್ದವು. ಕೂಗುತ್ತಿದ್ದುದು ತಮ್ಮ ಪೇಪರಿನ ಆಫೀಸಿಗೆ, ಬರೆದ ವರದಿಯನ್ನು ಕಾಮಾ ಫುಲ್‌ಸ್ಟಾಪ್ ಸಹಿತ ಓದಿ ಬರೆಸುತ್ತಿದ್ದರು. ಇಬ್ಬರೂ ಹೊತ್ತು ಬದಲಾಯಿಸಲು ಒಪ್ಪಲಿಲ್ಲ. ಕೊನೆಗೆ ಸೋತವಳು ನಾನೇ. ಪೂಜೆಯನ್ನು ಅರ್ಧ ಗಂಟೆ ಮುಂಚೆ ಮಾಡಿಕೊಂಡೆ. “ಆತು ಬಿಡು,” ಎಂದರು ನಮ್ಮವರು. “ದೇವರಿಗೇನು ಡೆಡ್‌ಲೈನ್ ಇರೂದಿಲ್ಲ.”

ನಮ್ಮ ಮನೆಗೆ ಬರುವ ಧಾರವಾಡ ಕಡೆಯವರೆಲ್ಲ ನನ್ನನ್ನು ‘ವೈನಿ’ ಎಂದೇ ಕರೆಯುವುದು. ಅಣ್ಣನ ಹೆಂಡತಿಗೆ ಹೇಳುವ ಮಾತು ಅದು. ನಾರ್ವೆಯವರು ಅದೇ ನನ್ನ ಹೆಸರು ಎಂದು ತಿಳಿದು ಹಾಗೇ ಕರೆಯತೊಡಗಿದರು. ಅಲ್ಲ ಎಂದು ತಿಳಿದ ಮೇಲೂ ಬಿಡಲಿಲ್ಲ. ಇರಲಿ, ಮಿಸೆಸ್ ಡಾಕ್ಟರ್ ಅನ್ನುವುದಕ್ಕಿಂತ ವಾಸಿ. ಅದೊಂದು ಪುಣ್ಯ.

ಅವರು ಹುಟ್ಟಿದ್ದು ಚಳಿಗಾಲದಲ್ಲಿ ಸೂರ್ಯನೇ ಮೂಡದ ಊರಲ್ಲಿ. ತಂದೆ ಮೀನಿನ ದೋಣಿಯವರು. ಆ ಊರ ಪೇಪರಿಗೆ ಮೀನಿನ ದರ ಬರೆಯುವ ಕೆಲಸದಿಂದ ಶುರುಮಾಡಿ, ರಾಜಧಾನಿಯ ದೊಡ್ಡ ಪೇಪರು ಸೇರಿ, ಅದರ ವರದಿಗಾರರಾಗಿ ಲಂಡನ್ನಿಗೆ ಬಂದವರು. ಲಂಡನ್ನಿನಲ್ಲಿ ಇದ್ದದ್ದೆಷ್ಟೋ, ಇಲ್ಲದ್ದೇ ಹೆಚ್ಚು. ಯುಗೊಸ್ಲಾವಿಯಾ ಒಡೆದಾಗ ಅಲ್ಲಿ, ಆಫ್ರಿಕಾದಲ್ಲಿ ಗಲಾಟೆ ಎಂದರೆ ಅಲ್ಲಿ, ಆಮೇಲೆ ಕಾಬೂಲು, ಬಾಗ್ದಾದು. ಹೊರಡುವಾಗ ಬೀಗದ ಕೈ ತಂದು ನನ್ನ ಕೈಗೆ ಹಾಕಿ “ಗಿಡಕ್ಕೆ ನೀರು” ಎನ್ನುವರು. ಮೊದಲ ಸಲ ಹೋಗಿ ನೋಡಿದರೆ ಗಿಡ ಸತ್ತು ಒಣಗಿ ಎಷ್ಟೋ ತಿಂಗಳಾಗಿತ್ತು. ಇವರು ಗಮನಿಸಿಯೇ ಇಲ್ಲ. ಲೋಕದ ಆಗುಹೋಗು ನೋಡಲು ಹೋಗುವವರು! ನಾನೇ ಒಂದು ತುಳಸಿ ತಂದಿಟ್ಟೆ. ತಿರುಗಿ ಬಂದವರು “ಚೇತರಿಸಿಕೊಂಡಿದೆ” ಎಂದರು.

ಕಿಟಕಿಯದು ಇನ್ನೊಂದು ಕಾಟ. ಹಿಮ ಬೀಳುವಾಗಲೂ ಕಿಟಕಿ ತೆರೆದೇ ಮಲಗುವವರು, ತೆರೆದೇ ಊರು ಬಿಡುವವರು. ನಾನು ಮುಚ್ಚುವುದು, ಅವರು ಬಂದು ತೆರೆಯುವುದು. ಒಮ್ಮೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ, ಫೋನು. ಯಾವುದೋ ದೇಶದ ಹೋಟೆಲಿನಿಂದ ಇವರು. ದನಿಯ ಹಿಂದೆ ಢಂ ಢಂ ಎನ್ನುತ್ತಿದೆ. 

“ವೈನಿ, ನಮ್ಮ ಮನೆಯ ಓವನ್ ಆರಿಸಿದ್ದೇನಾ, ಸ್ವಲ್ಪ ನೋಡಿ.”

“ಅಲ್ಲಿ ಬಾಂಬು ಬೀಳುತ್ತಿದೆಯಲ್ಲ!”

“ಅದು ದೂರ. ಓವನ್ ನೋಡಿ.”

ಎಣ್ಣೆತಲೆಗೆ ಶಾಲು ಸುತ್ತಿಕೊಂಡು ಓಡಿದೆ. ಓವನ್ ಆರಿತ್ತು. ಕಿಟಕಿ ತೆರೆದಿತ್ತು, ಕಾರ್ಪೆಟ್ಟಿನ ಮೇಲೆ ಹಿಮ ಬಿದ್ದು ಕರಗಿ ಕೆಸರಾಗಿತ್ತು. ಮೊಣಕಾಲೂರಿ ಒರೆಸುತ್ತ, ಈ ಮನುಷ್ಯ ಜೀವಂತ ಬರಲಿ ರಾಯರೇ, ಬಂದ ಮೇಲೆ ನಾನು ವಿಚಾರಿಸಿಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಬಂದರು. ವಿಚಾರಿಸಿಕೊಳ್ಳಲು ಆಗಲಿಲ್ಲ. ಕೈಗೊಂದು ಬ್ಯಾಂಡೇಜು ಇತ್ತು, ಮುಖ ಬೂದಿಯ ಬಣ್ಣ. ಅನ್ನ ಸಾರು ಬಡಿಸಿದೆ. ಮೂರು ಸಲ ಹಾಕಿಸಿಕೊಂಡರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಮೊಣಕಾಲು ಕೈಕೊಟ್ಟಿತು. ಇನ್ನು ಓಡಾಟ ಸಾಕು, ಪುಸ್ತಕ ಬರೆಯುತ್ತೇನೆ ಎಂದು ಮನೆಯಲ್ಲಿ ಕುಳಿತರು. ನನಗೆ ನಿಜವಾದ ಕಷ್ಟ ಶುರುವಾದದ್ದು ಆಗ.

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಬಂದು ನಿಂತರು. “ಆ ಮನೆಯಲ್ಲಿ ಸದ್ದೇ ಇಲ್ಲ, ವೈನಿ. ನನಗೆ ಒಂದು ವಾಕ್ಯ ಬರುತ್ತಿಲ್ಲ.”

ಜನ ಬರೆಯಲು ಸದ್ದಿಲ್ಲದ ಜಾಗ ಹುಡುಕಿಕೊಂಡು ಹೋಗುತ್ತಾರೆ ಎಂದು ಕೇಳಿದ್ದೇನೆ. ಇವರದು ಉಲ್ಟಾ. ಜೀವಮಾನವೆಲ್ಲ ಹೋಟೆಲಿನ ಲಾಬಿ, ರೈಲ್ವೆ ಸ್ಟೇಶನ್, ಮಿಲಿಟರಿ ಲಾರಿಯ ಹಿಂಭಾಗ, ಇಂಥಲ್ಲೇ ಕೂತು ಬರೆದವರಿಗೆ ಸುತ್ತ ಗದ್ದಲವಿಲ್ಲದಿದ್ದರೆ ಕೈ ಓಡುವುದಿಲ್ಲವಂತೆ. ನಮ್ಮ ಮಿಕ್ಸಿ, ಕುಕ್ಕರಿನ ಸೀಟಿ, ಎಕ್ಸ್‌ಹಾಸ್ಟ್ ಫ್ಯಾನು, ನಾನು ಗುನುಗುವ ಹಾಡು, ಇಷ್ಟೂ ಗೋಡೆಯಾಚೆಯಿಂದ ಕೇಳಿ ಅವರಿಗೆ ಹೊಟ್ಟೆಕಿಚ್ಚು. ಒಂದು ವಾರ ಕೂರಲಿ ಎಂದು ಒಪ್ಪಿದೆ. ಎರಡು ಪುಸ್ತಕ ಬರೆದು ಎದ್ದರು.

ಬೂಟು ಹೊರಗೆ ಬಿಡಬೇಕು ಎಂಬ ನನ್ನ ಕಟ್ಟಳೆಗೆ ಒಪ್ಪಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಟೈಪು ಮಾಡುವರು, ನನ್ನ ಡಬ್ಬಿಗಳೆಲ್ಲ ಅಲುಗಾಡಬೇಕು. ನನ್ನ ಹಾಲು ಹಾಕಿದ ಕಾಫಿಯನ್ನು ‘ಪಾಯಸ’ ಎಂದು ಹಾಸ್ಯ ಮಾಡುವರು. ಆ ಮಾತು ಕಲಿತದ್ದೂ ನಮ್ಮ ಮನೆಯಲ್ಲೇ. ಅವರ ಕರೀ ಕಾಫಿ ನನಗೆ ಕಷಾಯ. ಮೊದಲ ಕ್ರಿಸ್‌ಮಸ್ಸಿಗೆ ಪ್ರೀತಿಯಿಂದ ದೊಡ್ಡದೊಂದು ಹೊಗೆ ಹಾಕಿದ ಮೀನು ತಂದು ದೇವರ ಗೂಡಿನ ಪಕ್ಕವೇ ಇಟ್ಟುಬಿಟ್ಟರು. ಅಡುಗೆಮನೆ ಎರಡು ಸಲ ತೊಳೆದೆ. ಮರುವರ್ಷ ನೆನಪಿಟ್ಟು ಬರೀ ಬ್ರೆಡ್ಡು ತಂದರು, ಅದೇ ದೊಡ್ಡದು. ಟೀವಿ ಹಾಕಿದರೆ ಸುದ್ದಿ ಕೇಳಗೊಡುತ್ತಿರಲಿಲ್ಲ. “ಇವನು ಯುದ್ಧಭೂಮಿಯಲ್ಲಿಲ್ಲ, ಹೋಟೆಲಿನ ಟೆರೇಸಿನ ಮೇಲಿದ್ದಾನೆ. ಆ ನೀರಿನ ಟ್ಯಾಂಕು ನನಗೆ ಗೊತ್ತು.”

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಪ್ರಶ್ನೆ. ಮೊದಲ ದೋಸೆಯನ್ನು ಯಾಕೆ ಬೇರೆ ಇಡುತ್ತೀರಿ? ನಿಮ್ಮ ಗಂಡ ಬಂದಾಗ ಯಾಕೆ ದನಿ ಇಳಿಸುತ್ತೀರಿ? ದೇವರ ಹತ್ತಿರ ಮೊನ್ನೆ ಏನು ಕೇಳಿದಿರಿ, ಕೊಟ್ಟನಾ? ಉತ್ತರ ಹೇಳಿದರೆ ಮುಗಿಯುವುದಿಲ್ಲ, ಅದರ ಬಾಲ ಹಿಡಿದು ಮುಂದಿನದು. “ಗೊತ್ತಿಲ್ಲದ್ದನ್ನು ಬರೆಯಬಾರದು, ಗೊತ್ತಿದೆ ಅನ್ನಿಸಿದರೆ ಇನ್ನೊಂದು ಸಲ ಕೇಳಬೇಕು,” ಇದು ಅವರು ಯಾವಾಗಲೂ ಆಡುತ್ತಿದ್ದ ಮಾತು. ತಲೆ ಚಿಟ್ಟು ಹಿಡಿದು ಹೋಗುತ್ತಿತ್ತು. ಆದರೆ ಒಂದು ಮಾತು ಹೇಳಬೇಕು. ತವರಿನಲ್ಲಾಗಲಿ ಇಲ್ಲಾಗಲಿ, ‘ನಿನಗೆ ಏನು ಅನ್ನಿಸಿತು’ ಎಂದು ನನ್ನನ್ನು ಕೂರಿಸಿ ಕೇಳಿದವರು ಅವರೊಬ್ಬರೇ.

ಹಾಗೆ ಕೇಳಿದ್ದರಿಂದಲೇ ನನ್ನ ತಂಗಿಯ ಸುದ್ದಿ ಹೊರಬಂತು.

ಇದನ್ನು ಈಗ ಅವಳ ಮಗಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ನನ್ನ ತಂಗಿ ಧಾರವಾಡದಲ್ಲಿದ್ದಾಳೆ. ಮದುವೆಯಾಗಿ ಬಹಳ ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಗಂಡನ ಬ್ಯಾಂಕಿನ ನೌಕರಿ ಪುಣೆಗೆ ವರ್ಗವಾಗಿದ್ದಾಗ ಗಂಡಹೆಂಡತಿ ಅಲ್ಲಿಯ ಒಂದು ಆಶ್ರಮದಿಂದ ಹಸುಗೂಸನ್ನು ತಂದು ಸಾಕಿಕೊಂಡರು. ಧಾರವಾಡದಲ್ಲಿದ್ದ ಅತ್ತೆಗೆ ಮಾತ್ರ, ‘ಬಸುರಿನ ಸುದ್ದಿ ದೃಷ್ಟಿಯಾದೀತೆಂದು ಹೇಳಿರಲಿಲ್ಲ, ಪುಣೆಯಲ್ಲೇ ಹೆರಿಗೆ ಆಯಿತು’ ಎಂದರು. ಅತ್ತೆ ಕುಲಗೋತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಗೊತ್ತಾದರೆ ಮಗುವನ್ನು ಮನೆಯೊಳಗೆ ಬಿಡುವವರಲ್ಲ. ಹೀಗೆ ನಿಜ ತಿಳಿದವರು ಅವರಿಬ್ಬರು, ನಾವಿಬ್ಬರು. ಮಗುವಿಗೂ ತಿಳಿಯದು. ಒಂದು ದಿನ ತಂಗಿ ಫೋನಿನಲ್ಲಿ, ಹೆಂಗ ಹೇಳಲಿ ಅಕ್ಕಾ, ಯಾವಾಗ ಹೇಳಲಿ ಎಂದು ಅತ್ತಳು. ನಾನೂ ಕಣ್ಣೀರು ಹಾಕಿದೆ. ನಾರ್ವೆಯವರು ಬಾಯ್ಲರ್ ಪಕ್ಕದಲ್ಲೇ ಕೂತಿದ್ದರು. ಏನಾಯಿತು ಎಂದರು. ಅವರು ನಮ್ಮ ಲೋಕಕ್ಕೆ ಸೇರಿದವರೇ ಅಲ್ಲ ಎಂದುಕೊಂಡು ಹೇಳಿದೆ. ಅವರು ಅಂದು ಒಂದೂ ಕೀಲಿ ಕುಟ್ಟದೆ ಕೇಳಿದರು.

ಗುರುವಾರಕ್ಕೆ ನಾನು ರಾಯರ ನೈವೇದ್ಯಕ್ಕೆ ಹಯಗ್ರೀವ ಮಾಡುತ್ತೇನೆ. ಬೇಯಿಸಿದ ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪ. ಗಸಗಸೆಗೆ ರೇನರ್ಸ್ ಲೇನಿನ ಅಂಗಡಿಗೇ ಹೋಗಬೇಕು. ನಾರ್ವೆಯವರಿಗೆ ಅದೆಂದರೆ ಪ್ರಾಣ. ಬಟ್ಟಲು ತೊಳೆಯುವುದೇ ಬೇಡ, ಹಾಗೆ ಬಳಿದು ತಿನ್ನುವರು. ಎರಡನೆಯ ಪುಸ್ತಕ ಬರೆಯುತ್ತಿದ್ದ ಕಾಲದಲ್ಲಿ ಒಂದು ಗುರುವಾರ ಎಂದಿನಂತೆ ಬಟ್ಟಲು ಮುಂದಿಟ್ಟೆ. ಅವರು ಹಿಂದಕ್ಕೆ ಸರಿಸಿದರು.

“ಬೇಡ, ವೈನಿ.”

“ಯಾಕೆ? ಹೊಟ್ಟೆ ಸರಿಯಿಲ್ಲವಾ?”

“ಹೊಟ್ಟೆ ಸರಿಯಾಗಿಯೇ ಇದೆ. ಇನ್ನು ಮೇಲೆ ಈ ಮನೆಯಲ್ಲಿ ನಾನು ಏನೂ ತಿನ್ನುವ ಹಾಗಿಲ್ಲ.”

ಊಟ ಒಲ್ಲೆ ಎಂದವರನ್ನು ನಾನು ಕ್ಷಮಿಸಬಲ್ಲೆ. ಪ್ರಸಾದ ಒಲ್ಲೆ ಎಂದವರನ್ನು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಸೌಟು ಹಿಡಿದುಕೊಂಡು ನಿಂತೇ ಇದ್ದೆ.

“ನಾನು ಯಾರ ಬಗ್ಗೆ ಬರೆಯುತ್ತೇನೋ ಅವರಿಂದ ಏನೂ ತೆಗೆದುಕೊಳ್ಳುವುದಿಲ್ಲ,” ಎಂದರು. “ಒಂದು ಸಿಗರೇಟು ಕೂಡ. ಕೆಲಸಕ್ಕೆ ಸೇರಿದ ದಿನದಿಂದ ಹಾಗೆಯೇ. ನಿನ್ನೆಯಿಂದ ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ.”

“ಇದು ನಾನು ಕೊಡುತ್ತಿರುವುದಲ್ಲ. ರಾಯರದು.”

ಅವರು ರಾಯರ ಪಟದ ಕಡೆ ತಲೆ ಓರೆಮಾಡಿ ನೋಡಿ ಸ್ವಲ್ಪ ಯೋಚಿಸಿದರು. “ಅವರೂ ಪುಸ್ತಕದಲ್ಲಿ ಬರುತ್ತಾರೆ. ಅವರಿಂದಲೂ ಆಗುವುದಿಲ್ಲ.”

ಆಗ ಕೇಳಿ ತಿಳಿದೆ. ಈ ಪುಸ್ತಕ ಯುದ್ಧದ್ದಲ್ಲ, ದೂರದಿಂದ ಲಂಡನ್ನಿಗೆ ಬಂದು ನೆಲೆಸಿದವರ ಮನೆಗಳದು. ಅದರಲ್ಲಿ ನಮ್ಮ ಅಡುಗೆಮನೆಗೆ ಒಂದು ಅಧ್ಯಾಯ. ಆ ಅಧ್ಯಾಯದ ನಟ್ಟನಡುವೆ ನನ್ನ ತಂಗಿ, ಅವಳ ಮಗಳು.

ಊಟದ ಹೊತ್ತಿಗೆ ನಮ್ಮವರಿಗೆ ಹೇಳಿದೆ. ಅವರು ತಲೆಯನ್ನೇ ಎತ್ತಲಿಲ್ಲ. “ಊಟಕ್ಕ ಹಾಕಿದಾಕಿ ನೀನು, ಮಾತು ಹೇಳಿದಾಕಿನೂ ನೀನು. ಹೋಗ್ಲಿ ಬಿಡು, ಅವರ ಭಾಷಾದಾಗ ಬರದ್ರ ಧಾರವಾಡದಾಗ ಯಾರಿಗೆ ತಿಳೀತದ?”

“ತಂಗಿ ನಾದಿನಿ ಮಗ ನಾರ್ವೆದಾಗ ಎಣ್ಣಿ ಕಂಪನ್ಯಾಗ ಇದ್ದಾನಲ್ರೀ. ಅಲ್ಲಿ ಭಾಷಾನೂ ಕಲ್ತಾನಂತ ಅವರವ್ವ ಓಣಿ ತುಂಬ ಹೇಳ್ಕೋತ ತಿರಗ್ತಾಳ.”

ನಮ್ಮವರ ಕೈಯ ತುತ್ತು ಅಲ್ಲೇ ನಿಂತಿತು. “ಹಂಗಿದ್ರ ತ್ಯಗಸು,” ಎಂದರು.

ತೆಗೆಸುವುದೇನು ಪಲ್ಯದೊಳಗಿನ ಮೆಣಸಿನಕಾಯಿಯೇ? ಮರುದಿನ ಬೆಳಿಗ್ಗೆ ಅವರು ಬಂದು ಕೂರುವುದನ್ನೇ ಕಾದೆ.

“ಹೆಸರು ಬದಲಾಯಿಸುತ್ತೇನೆ,” ಎಂದರು.

“ಗುರುವಾರ ಹಯಗ್ರೀವ ಮಾಡುವ ಧಾರವಾಡದ ಡಾಕ್ಟರ ಹೆಂಡತಿ ಎಂದು ಬರೆದ ಮೇಲೆ ಹೆಸರು ಯಾರಿಗೆ ಬೇಕು?”

“ಊರನ್ನೂ ಬದಲಾಯಿಸುತ್ತೇನೆ.”

“ಆಗ ಸುಳ್ಳು ಬರೆದ ಹಾಗೆ ಆಗುವುದಿಲ್ಲವಾ?”

ಅದು ತಾಗಿತು. ಲ್ಯಾಪ್‌ಟಾಪ್ ಮುಚ್ಚಿದರು. “ಒಬ್ಬ ಜನರಲ್ ಮೇಜಿನ ಮೇಲೆ ಪಿಸ್ತೂಲು ಇಟ್ಟು ಒಂದು ವಾಕ್ಯ ತೆಗೆ ಎಂದ. ನಾನು ತೆಗೆಯಲಿಲ್ಲ. ಈಗ ನಿಮಗೋಸ್ಕರ ತೆಗೆದರೆ ಆಗ ಯಾಕೆ ಸಾಯಲು ಹೊರಟಿದ್ದೆ?”

“ಆ ಜನರಲ್ ಮಾಡಿದ್ದು ಪಾಪ. ನನ್ನ ತಂಗಿ ಏನು ಪಾಪ ಮಾಡಿದ್ದಾಳೆ?”

“ಏನೂ ಇಲ್ಲ. ಅದಕ್ಕೇ ಬರೆಯಬೇಕು. ಇಷ್ಟು ವರ್ಷದಲ್ಲಿ ನಾನು ಕೇಳಿದ ಒಳ್ಳೆಯ ಸುದ್ದಿ ಅದೊಂದೇ.”

“ಅದನ್ನು ಆ ಹುಡುಗಿಗೆ ಹೇಳಬೇಕಾದವಳು ಅವಳ ತಾಯಿ. ನಿಮ್ಮ ಪುಸ್ತಕ ಅಲ್ಲ.”

ಅವರು ಒಪ್ಪಲಿಲ್ಲ.  ನನಗೆ ವಾದ ಮಾಡಲು ಬರುವುದಿಲ್ಲ, ಆದರೆ ಅವರ ಮಾತಿನಲ್ಲೇ ಒಂದು ಹಿಡಿ ಸಿಕ್ಕಿತ್ತು. ತಿಂದರೆ ಬರೆಯುವ ಹಾಗಿಲ್ಲ ಎಂದು ಅವರೇ ಹೇಳಿದ್ದಾರೆ. ಹಾಗಾದರೆ ತಿನ್ನಿಸಿಬಿಟ್ಟರಾಯಿತು. ಮುಂದಿನ ಗುರುವಾರ ತುಪ್ಪ ಇನ್ನಷ್ಟು ಸುರಿದು ಹಯಗ್ರೀವ ಮಾಡಿ, ಬಿಸಿಬಿಸಿ ಬಟ್ಟಲನ್ನು ಅವರ ಮೂಗಿನ ಕೆಳಗೇ ಇಟ್ಟೆ. ಅವರಿಗೆ ನನ್ನ ಲೆಕ್ಕಾಚಾರ ತಕ್ಷಣ ತಿಳಿಯಿತು. ನಕ್ಕರು. ನಕ್ಕು, ಬಟ್ಟಲನ್ನು ಸರಿಸಿ, ಮನೆಯಿಂದ ತಂದ ಡಬ್ಬಿ ತೆರೆದರು. ಒಣ ಬ್ರೆಡ್ಡಿನ ಮೇಲೆ ಅವರ ದೇಶದ ಕಂದು ಬಣ್ಣದ ಚೀಸು. ಅದನ್ನು ನಮ್ಮ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರು, ನೀರು ಕುಡಿದು ಕುಡಿದು ನುಂಗಿದರು.

ವಾರಗಟ್ಟಲೆ ಇದೇ ನಡೆಯಿತು. ಮನೆಗೆ ಬಂದವರು ಒಣ ಬ್ರೆಡ್ಡು ತಿನ್ನುವುದನ್ನು ನೋಡುತ್ತ ನಾನು ಚಪಾತಿ ಲಟ್ಟಿಸಬೇಕು. ಇಂಥ ಶಿಕ್ಷೆ ನನ್ನ ಅತ್ತೆಯೂ ಕೊಟ್ಟಿರಲಿಲ್ಲ. ಬರಬೇಡಿ ಎನ್ನೋಣ ಎಂದರೆ ಬಂದವರಿಗೆ ಹಾಗೆ ಹೇಳಿ ರೂಢಿಯಿಲ್ಲ. ಅವರಿಗೂ ಬೇರೆಲ್ಲೂ ಬರೆಯಲು ಬರುವುದಿಲ್ಲ. ನಮ್ಮ ಮೇಲಿನ ಅಧ್ಯಾಯವನ್ನು ನಮ್ಮದೇ ಮೇಜಿನ ಮೇಲೆ ಕುಟ್ಟುತ್ತಿದ್ದರು, ನಾನೇ ಮಿಕ್ಸಿ ಹಾಕಿ ಸಹಾಯ ಮಾಡುತ್ತಿದ್ದೆ. ನಿತ್ಯ ಪೂಜೆಯಲ್ಲಿ ನಾನು ಬೇಡುತ್ತಿದ್ದುದು ಒಂದೇ. ಇವರಿಗೆ ಹಸಿವು ಕೊಡಿ ರಾಯರೇ.

ಅಷ್ಟರಲ್ಲಿ ನನ್ನ ತಂಗಿಯ ಮಗಳು ಬಂದಳು. ಪಿಯುಸಿ ಮೊದಲ ವರ್ಷ ಮುಗಿಸಿ, ರಜೆಗೆ ಲಂಡನ್ ನೋಡಲು. ಬರುವ ಮಾತು ಹಿಂದಿನ ವರ್ಷವೇ ಆಗಿತ್ತು, ತಪ್ಪಿಸಲು ನೆಪ ಸಿಗಲಿಲ್ಲ. ನಾನು ನಾರ್ವೆಯವರನ್ನು ಬಾಗಿಲಲ್ಲೇ ತಡೆದು, “ಒಂದು ಮಾತು ಬಾಯಿ ಬಿಟ್ಟರೆ,” ಎಂದೆ. ಮುಂದೆ ಏನು ಹೇಳಬೇಕೋ ತೋಚಲಿಲ್ಲ. “ಕೇಳುವವನು ನಾನು, ಹೇಳುವವನಲ್ಲ,” ಎಂದು ಬೂಟು ಬಿಚ್ಚಿದರು.

ಹುಡುಗಿ ಅವಲಕ್ಕಿಯ ಬಟ್ಟಲು ಹಿಡಿದು ಅವರ ಎದುರಿಗೇ ಕುಳಿತಳು. ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡುತ್ತಾಳೆ. “ನೀವು ಎಲ್ಲರನ್ನೂ ಪ್ರಶ್ನೆ ಕೇಳುತ್ತೀರಂತೆ. ನನ್ನನ್ನೂ ಕೇಳಿ.”

ಏನು ಓದುತ್ತೀಯ ಎಂದರು. ಏನಾಗಬೇಕು ಎಂದರು. ಯಾವುದಕ್ಕೆ ಹೆದರುತ್ತೀಯ ಎಂದರು. ಗೋಡೆಯ ಮೇಲಿನ ಹಲ್ಲಿಗೆ ಎಂದಳು. ಆಮೇಲೆ, “ನೀನು ಯಾರ ಹಾಗೆ ಇದ್ದೀಯ?” ಎಂದರು. ನನ್ನ ಕೈಯ ಲಟ್ಟಣಿಗೆ ನಿಂತಿತು.

“ನಮ್ಮಜ್ಜಿಯ ಹಾಗೆ, ಅಪ್ಪನ ಅವ್ವನ ಹಾಗೆ,” ಎಂದಳು ಹುಡುಗಿ, ಒಂದು ಕ್ಷಣವೂ ಯೋಚಿಸದೆ. ಮೂಗಿನ ತುದಿ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿದಳು. “ನೋಡಿ. ಇದು ನಮ್ಮ ಮನೆತನದ ಮೂಗು. ಅಜ್ಜಿ ಬಂದವರಿಗೆಲ್ಲ ತೋರಿಸುತ್ತಾಳೆ, ನನ್ನದೇ ಅಚ್ಚು ಅಂತ. ಕೋಪ ಬಂದರೆ ಇಬ್ಬರದೂ ಒಟ್ಟಿಗೆ ಕೆಂಪಗಾಗುತ್ತದೆ.”

ಹಂಚಿನ ಮೇಲಿನ ಚಪಾತಿ ಸುಟ್ಟ ವಾಸನೆ ಬಂತು. ನಾನು ಅಲುಗಲಿಲ್ಲ. ಅವರ ಮುಂದಿನ ಪ್ರಶ್ನೆಗೆ ಕಾಯುತ್ತಿದ್ದೆ. ಒಂದು ಉತ್ತರಕ್ಕೆ ಇನ್ನೊಂದು ಪ್ರಶ್ನೆ ಇಲ್ಲದ ನಾರ್ವೆಯವರನ್ನು ನಾನು ಕಂಡೇ ಇರಲಿಲ್ಲ. ಅವರು ಹುಡುಗಿಯ ಮೂಗನ್ನು ಬಹಳ ಹೊತ್ತು ನೋಡಿದರು.

“ಒಳ್ಳೆಯ ಮೂಗು,” ಎಂದರು. ಅಷ್ಟೇ. ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದರು. “ವೈನಿ, ಇವತ್ತು ಗುರುವಾರವಾ?”

“ಮಂಗಳವಾರ.”

“ಮಂಗಳವಾರ ರಾಯರ ಹತ್ತಿರ ಏನೂ ಇರುವುದಿಲ್ಲವಾ?”

ಗೂಡಿನಲ್ಲಿ ಬೆಳಗಿನ ಪೂಜೆಗೆ ಇಟ್ಟ ಕಲ್ಲುಸಕ್ಕರೆ, ನಾಲ್ಕು ಒಣದ್ರಾಕ್ಷಿ ಇತ್ತು. ತಂದು ಮುಂದೆ ಹಿಡಿದೆ. ಅವರು ನಮ್ಮವರನ್ನು ಇಷ್ಟು ವರ್ಷ ನೋಡಿ ಕಲಿತ ಹಾಗೆ ಬಲಗೈಯ ಕೆಳಗೆ ಎಡಗೈ ಇಟ್ಟು ತೆಗೆದುಕೊಂಡರು. ಒಮ್ಮೆಗೇ ಬಾಯಿಗೆ ಹಾಕಿಕೊಂಡು ಕಟಕಟ ಅಗಿದರು.

“ಆಯಿತು,” ಎಂದರು. “ಇನ್ನು ಬರೆಯುವ ಹಾಗಿಲ್ಲ.”

ಲ್ಯಾಪ್‌ಟಾಪ್ ಎತ್ತಿಕೊಂಡು, ಬೂಟಿನ ದಾರ ಕಟ್ಟದೆ ಹೊರಟುಹೋದರು.

“ಮೌಶಿ, ಇವರಿಗೆ ಏನಾತು?” ಎಂದಳು ಹುಡುಗಿ. ತಾಯಿಯ ಅಕ್ಕನನ್ನು ನಮ್ಮ ಕಡೆ ಹಾಗೇ ಕರೆಯುವುದು.

“ಹಸಿವ್ಯಾಗಿತ್ತು,” ಎಂದೆ.

ಮಾತು ತಪ್ಪಲಿಲ್ಲ. ಪುಸ್ತಕ ನಮ್ಮ ಅಧ್ಯಾಯ ಇಲ್ಲದೆ ಬಂತು. ನಾರ್ವೆಯಲ್ಲಿ ಒಳ್ಳೆಯ ಹೆಸರು ಬಂತಂತೆ. ನನಗೆ ತಂದು ತೋರಿಸಿ, ನಡುವೆ ಒಂದು ಕಡೆ ಬಿಡಿಸಿ, “ಇಲ್ಲಿ ಒಂದು ತೂತಿದೆ. ಓದುವವರಿಗೆ ಗಾಳಿ ಬರುತ್ತದೆ. ಅದು ನಿಮ್ಮ ಕೆಲಸ,” ಎಂದರು. ಉದಾರವಾಗಿ ಬಿಟ್ಟುಕೊಟ್ಟೆ ಎಂಬ ಮರ್ಯಾದೆಯಾದರೂ ಬೇಡವೇ? ಆಮೇಲೆ ಬಂದಾಗಲೆಲ್ಲ ಅದನ್ನೇ ಆಡಿ ತೋರಿಸಿದರು. ತಪ್ಪಿದ ಗುರುವಾರಗಳದ್ದೆಲ್ಲ ಸೇರಿಸಿ ಹಯಗ್ರೀವವನ್ನು ಎರಡೆರಡು ಬಟ್ಟಲು ತಿಂದರು.

ಮೊಣಕಾಲಿನ ಜೊತೆ ಎದೆಯೂ ಕೆಟ್ಟ ಮೇಲೆ, ತಮ್ಮ ತಂಗಿಯ ಹತ್ತಿರ ಇರುತ್ತೇನೆ ಎಂದು ಹುಟ್ಟಿದೂರಿಗೆ ಹೋದರು. ಅಲ್ಲಿಂದಲೂ ಬಿಡಲಿಲ್ಲ. ನಾನು ಒಗ್ಗರಣೆಗೆ ಸಾಸಿವೆ ಹಾಕುವುದಕ್ಕೂ ಅವರ ಫೋನು ಬರುವುದಕ್ಕೂ ಸರಿಹೋಗುತ್ತಿತ್ತು. ಕ್ಷೇಮಸಮಾಚಾರ ಇಲ್ಲ, ನಮಸ್ಕಾರ ಇಲ್ಲ.

“ಹೇಳಿದಳಾ?”

“ಇನ್ನೂ ಇಲ್ಲ.”

“ವೈನಿ, ನಾನು ಬರೆಯದೆ ಬಿಟ್ಟದ್ದು ಅವಳು ಹೇಳಲಿ ಎಂದು. ಯಾರೂ ಹೇಳದಿರಲಿ ಎಂದಲ್ಲ.”

ನಾನು ಅದನ್ನು ಧಾರವಾಡಕ್ಕೆ ಮುಟ್ಟಿಸಬೇಕು. ತಂಗಿ ನನ್ನ ಮೇಲೆ ರೇಗಬೇಕು. ಮುಂದಿನ ಸಲ ಅವರು ಮತ್ತೆ ಕೇಳಬೇಕು. ಈ ನಡುವೆ ಅವಳ ಅತ್ತೆ ತೀರಿಕೊಂಡರು. ಮನೆಯಲ್ಲಿ ಹೆದರಬೇಕಾದವರು ಯಾರೂ ಉಳಿಯಲಿಲ್ಲ. ಹುಡುಗಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರಿದಳು. ಆದರೂ ತಂಗಿಗೆ ಇಂದು ನಾಳೆ ಎನ್ನುತ್ತ ಬಾಯಿ ಬರಲಿಲ್ಲ. ಹದಿನೈದು ದಿನದ ಕೆಳಗೆ ಕೆಮ್ಮುತ್ತ ಮಾಡಿದ ಫೋನಿನಲ್ಲೂ ನಾರ್ವೆಯವರು ಮೊದಲು ಕೇಳಿದ್ದು ‘ಹೇಳಿದಳಾ’ ಎಂದೇ.

ಫೋನು ಮತ್ತೆ ಬಂತು. ಅವರ ತಂಗಿಯ ಮಗಳು. ಶನಿವಾರ ಚರ್ಚಿನಲ್ಲಿ ಮಾಮನನ್ನು ಬಲ್ಲವರ ಒಂದೊಂದು ಮಾತು ಓದುತ್ತೇವೆ, ಅವರು ನಿಮಗಾಗಿ ಮಾಡಿದ ಒಂದು ಕೆಲಸ ಯಾವುದಾದರೂ ಹೇಳಿ ಎಂದಳು. ಬೇರೆಯವರದೆಲ್ಲ ಬಂದಿದೆಯಂತೆ. ಯಾರನ್ನೋ ಗಡಿ ದಾಟಿಸಿದ್ದು, ಯಾರಿಗೋ ಕೆಲಸ ಕೊಡಿಸಿದ್ದು, ಯಾವುದೋ ಸರ್ಕಾರ ನಡುಗಿದ್ದು.

ನಾನು ಯೋಚಿಸಿದೆ. ಅವರು ನನಗಾಗಿ ಮಾಡಿದ್ದನ್ನು ಆ ಚರ್ಚಿನಲ್ಲಿ ಓದಿದರೆ, ಮಾಡಿದ್ದೇ ಉಳಿಯುವುದಿಲ್ಲ.

“ಒಂದು ಮಂಗಳವಾರ ನಮ್ಮ ಮನೆಯಲ್ಲಿ ಕಲ್ಲುಸಕ್ಕರೆ ತಿಂದರು ಅಂತ ಓದಮ್ಮ,” ಎಂದೆ.

 “ಅಷ್ಟೇನಾ?”

“ಅಷ್ಟೇ.”

ಅವಳು ಬರೆದುಕೊಂಡಳು. ಮಾಮನ ಸೋದರಸೊಸೆಯೇ ಸರಿ, ಮಂಗಳವಾರ ಹೌದೋ ಎಂದು ಇನ್ನೊಮ್ಮೆ ಕೇಳಿಕೊಂಡಳು.

ಕೈ ತೊಳೆಯದೆ ಧಾರವಾಡಕ್ಕೆ ಫೋನು ಮಾಡಿದೆ. ಅಲ್ಲಿ ಸಂಜೆಯಾಗಿತ್ತು. ತಂಗಿಯೇ ಎತ್ತಿದಳು.

“ನಾರ್ವೆಯವರು ಹೋದ್ರು.”

ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. “ಇನ್ನ ಕೇಳವರು ಯಾರೂ ಇಲ್ಲ ಅಲ್ಲಾ, ಅಕ್ಕಾ.”

“ನಾ ಇದ್ದೀನಲ್ಲ. ಹೇಳಿದೇನು?”

ಫೋನಿನಲ್ಲಿ ಅವಳ ಹಿಂದೆ ಪಾತ್ರೆಯೊಳಗೆ ಕಾಳು ಬೀಳುವ ಸದ್ದು ಬರುತ್ತಿತ್ತು. “ಇಲ್ಲೇ ಇದ್ದಾಳ. ಮುಂಜಾನೆ ಹುಬ್ಬಳ್ಳಿಯಿಂದ ಬಂದಾಳ. ಕೆಳಗ ಕೂತು ಬಟಾಣಿ ಸುಲೀಲಿಕತ್ತಾಳ.”

ನಾನು ರಿಸೀವರನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡೆ.

“ಫೋನ್ ಇಡ್ತೀನಿ, ಅಕ್ಕಾ,” ಎಂದಳು.

“ಇಡು.”

ಇಟ್ಟಳು. ಇನ್ನೆರಡು ತಾಸಿಗೆ ನಮ್ಮವರು ಆಸ್ಪತ್ರೆಯಿಂದ ಹಸಿದು ಬರುವರು. ಕೈ ತೊಳೆದುಕೊಂಡು, ಪಾತ್ರೆಗೆ ಅಕ್ಕಿ ಸುರಿದು, ಸಿಂಕಿನ ಮುಂದೆ ನಿಂತು ತೊಳೆಯತೊಡಗಿದೆ.